ಬಂಡೆಯ ಬಿರುಕೂ ಬಾವಿಯ ನೀರೂ

ಕಳೆದ ಸಂಚಿಕೆ ಮನೆಮನೆಗೆ ತಲುಪಿದ ಮೇಲೆ ಈ ಪುಟಕ್ಕೆ ಬಂದ ಪತ್ರಗಳಲ್ಲಿ ಒಂದನ್ನು ಬದಿಗಿರಿಸಲು ಮನಸ್ಸು ಬರಲಿಲ್ಲ. ಬರೆದವರು ನಮ್ಮ ಬೈಕುಲ್ಲಾದಲ್ಲಿಯೇ ಇರುವ ಸೋದರಿಯೊಬ್ಬರು. ತವರುಮನೆ ಇಂಡಿ ತಾಲೂಕಿನ ಒಂದು ಹಳ್ಳಿ. ಅಲ್ಲಿ ಅವರ ತಮ್ಮ ಲಿಂಬೆಯ ತೋಟ ಮಾಡಿಕೊಂಡಿದ್ದಾನೆ. ತೋಟಕ್ಕೆಂದು ಈವರೆಗೆ ಮೂರು ಕೊಳವೆ ಬಾವಿ ಕೊರೆಸಿದ್ದಾಯಿತು. ಎರಡರಲ್ಲಿ ಬರಿಯ ಧೂಳು ಬಂದಿತು. ಮೂರನೆಯದರಲ್ಲಿ ಎರಡಿಂಚು ನೀರು ಬಂದು, ಮರುವರ್ಷದ ಬೇಸಗೆಯ ಹೊತ್ತಿಗೆ ನಿಂತುಹೋಯಿತು. ಈಗ ನಾಲ್ಕನೆಯದರ ಮಾತು ನಡೆದಿದೆ. ‘ಅಕ್ಕಾ, ಇದೊಂದು ಸಲ ಕೈ ಹಿಡಿ, ಈ ಸಲ ನೀರು ಬಂದ ಬರತೈತಿ’ ಎಂದು ತಮ್ಮ ಫೋನಿನಲ್ಲಿ ಹೇಳುತ್ತಾನಂತೆ. ಕೈಯಲ್ಲಿರುವುದು ಮಗಳ ಕಾಲೇಜಿನ ಫೀಗೆಂದು ಕೂಡಿಟ್ಟ ಹಣ. ಪತ್ರದ ಕೊನೆಯಲ್ಲಿ ಅವರು ಕೇಳಿದ್ದಾರೆ: ‘ಡಾಕ್ಟರು ಹೊಟ್ಟೆಯೊಳಗಿರುವುದನ್ನು ಯಂತ್ರವಿಟ್ಟು ನೋಡುತ್ತಾರೆ. ನೆಲದೊಳಗಿರುವುದನ್ನು ನೋಡುವ ಯಂತ್ರ ಇನ್ನೂ ಬಂದಿಲ್ಲವೆ?’

ಬಂದಿದೆ ಎಂದು ಹೇಳಬೇಕು. ಆದರೆ ಸೋದರಿಯವರು ಬಯಸುವ ರೀತಿಯಲ್ಲಿ ಬಂದಿಲ್ಲ ಎಂದೂ ಒಡನೆಯೇ ಹೇಳಬೇಕು. ಈ ಎರಡು ಮಾತುಗಳ ನಡುವಿನ ಅಂತರವನ್ನು ತಿಳಿದುಕೊಂಡರೆ ಊರಿಗೆ ಹಣ ಕಳುಹಿಸುವ ನಮ್ಮಂಥವರಿಗೆ ಒಂದಿಷ್ಟು ಉಪಯೋಗವಾದೀತು. ನಾನು ವಿಜ್ಞಾನ ಓದಿದವನಲ್ಲ, ಬಿ.ಎ. ಮಾಡಿ ಕಡತಗಳ ನಡುವೆ ಕುಳಿತವನು. ಆದುದರಿಂದ ಲೆಕ್ಕದ ಭಾಷೆ ಬಿಟ್ಟು ಮನೆಯ ಭಾಷೆಯಲ್ಲಿಯೇ ಹೇಳುತ್ತೇನೆ.

ಸಂತೆಯಲ್ಲಿ ಮಡಕೆ ಕೊಳ್ಳುವ ತಾಯಂದಿರು ಮೊದಲು ಮಾಡುವುದೇನು? ಬೆರಳಿನ ಗೆಣ್ಣಿನಿಂದ ತಟ್ಟಿ ಕಿವಿಗೊಡುತ್ತಾರೆ. ಗಟ್ಟಿ ಮಡಕೆ ‘ಠಣ್’ ಎನ್ನುತ್ತದೆ, ಕೂದಲೆಳೆಯಷ್ಟು ಬಿರುಕಿದ್ದರೂ ‘ಬೊದ್’ ಎನ್ನುತ್ತದೆ. ರೈಲ್ವೆಯಲ್ಲಿ ಉದ್ದನೆಯ ಸುತ್ತಿಗೆ ಹಿಡಿದು ಗಾಲಿಗಳನ್ನು ಒಂದೊಂದಾಗಿ ಬಡಿಯುತ್ತ ಹೋಗುತ್ತಿದ್ದವರ ಕೆಲಸವೂ ಇದೇ. ವಿಯೆನ್ನಾದ ವೈದ್ಯ ಔಎನ್‌ಬ್ರುಗ್ಗರ್ ಎಂಬಾತ ರೋಗಿಯ ಎದೆಯನ್ನು ತಟ್ಟಿ ಒಳಗೆ ನೀರು ತುಂಬಿದೆಯೆ ಎಂದು ತಿಳಿಯುವ ಕ್ರಮವನ್ನು ೧೭೬೧ರಲ್ಲಿ ಪುಸ್ತಕ ಮಾಡಿ ಪ್ರಕಟಿಸಿದನು. ಅವನ ತಂದೆ ಛತ್ರ ನಡೆಸುತ್ತಿದ್ದವನು. ಮದ್ಯದ ಪೀಪಾಯಿಗಳನ್ನು ತಟ್ಟಿ ಎಷ್ಟು ಉಳಿದಿದೆಯೆಂದು ನೋಡುವುದನ್ನು ಹುಡುಗ ಚಿಕ್ಕಂದಿನಲ್ಲಿ ಕಂಡಿದ್ದನೆಂದು ಹೇಳುತ್ತಾರೆ. ಭೂಮಿಯನ್ನು ತಟ್ಟಿ ಕೇಳುವ ಶಾಸ್ತ್ರವೂ ಈ ಮನೆತನದ್ದೇ.

ಮೊದಲು ಕೇಳಬೇಕಾದದ್ದು, ನೆಲದೊಳಗೆ ನೀರು ಎಲ್ಲಿರುತ್ತದೆ ಎಂಬುದನ್ನು. ‘ಪಾತಾಳಗಂಗೆ’ ಎಂಬ ಮಾತು ನಮ್ಮ ಮನಸ್ಸಿನಲ್ಲಿ ಹೊಳೆಯ ಚಿತ್ರವನ್ನೇ ಮೂಡಿಸಿಬಿಟ್ಟಿದೆ. ಕರ್ನಾಟಕದ ಬಹುಭಾಗದಲ್ಲಿ ಅಂಥ ಹೊಳೆಯಿಲ್ಲ. ಕೋಲಾರ, ತುಮಕೂರು, ಚಿತ್ರದುರ್ಗದ ಕಡೆ ಕೆಳಗಿರುವುದು ಗ್ರಾನೈಟು ಮತ್ತು ನೈಸ್ ಎಂಬ ಗಟ್ಟಿ ಶಿಲೆ. ವಿಜಯಪುರ, ಬೆಳಗಾವಿ, ಕಲಬುರಗಿ, ಬೀದರಿನ ಕಡೆ ಸುಮಾರು ಆರೂವರೆ ಕೋಟಿ ವರ್ಷಗಳ ಹಿಂದೆ ಹರಿದು ತಣಿದ ಲಾವಾದ ಕಪ್ಪು ಕಲ್ಲು, ಪದರದ ಮೇಲೆ ಪದರ. ಮುಂಬಯಿಯ ಕೆಳಗಿರುವುದೂ ಬಹುಮಟ್ಟಿಗೆ ಇದೇ ಬಳಗ. ಬೈಕುಲ್ಲಾ ಸ್ಟೇಷನ್ನಿನ ಹಳೆಯ ಕಟ್ಟಡದ ಕಲ್ಲನ್ನು ನೋಡಿದವರಿಗೆ ಇಂಡಿಯ ಬಾವಿಯ ಕಲ್ಲು ಹೊಸದಾಗಿ ಕಾಣದು. ಇಂಥ ಕಲ್ಲು ತಾನಾಗಿ ನೀರನ್ನು ಹೀರುವುದಿಲ್ಲ, ಬಿಡುವುದೂ ಇಲ್ಲ. ಮೇಲಿನ ಸವೆದ ಪದರವನ್ನೂ, ಲಾವಾದ ಒಂದೊಂದು ಹರಿವಿನ ನೆತ್ತಿಯಲ್ಲಿ ಗುಳ್ಳೆಗಳಾಗಿ ಉಳಿದ ತೂತುಗಳನ್ನೂ ಬಿಟ್ಟರೆ, ನೀರಿರುವುದು ಬಿರುಕಿನಲ್ಲಿ ಮಾತ್ರ. ಬಿರುಕು ಸಿಕ್ಕಿದರೆ ಬಾವಿ. ಒಂದು ಮಾರು ಆಚೆ ಕೊರೆದು ಬಿರುಕು ತಪ್ಪಿದರೆ ಧೂಳು. ಕಾಸರಗೋಡು, ದಕ್ಷಿಣ ಕನ್ನಡದ ಬಂಧುಗಳಿಗೆ ಈ ಕಷ್ಟ ಅಷ್ಟಾಗಿ ಗೊತ್ತಿಲ್ಲ. ಅಲ್ಲಿಯ ಮುರಕಲ್ಲು ಮೆದು, ತೂತುತೂತು; ಗುಡ್ಡಕ್ಕೆ ಅಡ್ಡಲಾಗಿ ಸುರಂಗ ತೋಡಿದರೆ ನೀರು ತಾನೇ ಜಿನುಗಿ ಬರುತ್ತದೆ.

ಗಟ್ಟಿ ಕಲ್ಲನ್ನು ಬೇಗ ಕೊರೆಯುವ ಗಾಳಿ-ಸುತ್ತಿಗೆಯ ಯಂತ್ರಗಳು ನಮ್ಮ ದೇಶದ ಹಳ್ಳಿಗಳಿಗೆ ದೊಡ್ಡ ಪ್ರಮಾಣದಲ್ಲಿ ಬಂದದ್ದು ೧೯೬೭ರಿಂದ ಈಚೆಗೆ, ಬಿಹಾರದ ಬರಗಾಲದ ಸಮಯದಲ್ಲಿ, ಯೂನಿಸೆಫ್ ಸಂಸ್ಥೆಯ ನೆರವಿನಿಂದ. ಕೊರೆದದ್ದೇನೋ ಆಯಿತು, ಮೇಲಿಟ್ಟ ಬೀಡುಕಬ್ಬಿಣದ ಕೈಪಂಪುಗಳು ತಿಂಗಳೊಪ್ಪತ್ತಿನಲ್ಲಿ ಮುರಿಯತೊಡಗಿದವು. ಆಗ ಸೊಲ್ಲಾಪುರದಲ್ಲಿ ರೂಪುಗೊಂಡಿದ್ದ ಉಕ್ಕಿನ ಪಂಪಿನ ಮಾದರಿ ಹಿಡಿದು ‘ಇಂಡಿಯಾ ಮಾರ್ಕ್ ಎರಡು’ ಎಂಬುದನ್ನು ಸಿದ್ಧಮಾಡಿದರು. ಎಪ್ಪತ್ತರ ದಶಕದ ಕೊನೆಯಲ್ಲಿ ಅದನ್ನು ಮೊದಲು ತಯಾರಿಸಿದ್ದು ರಿಚರ್ಡ್‌ಸನ್ ಅಂಡ್ ಕ್ರಡಾಸ್ ಕಂಪನಿ, ತನ್ನ ಮದರಾಸಿನ ಕಾರ್ಖಾನೆಯಲ್ಲಿ. ಕಂಪನಿಯ ಮೂಲಮನೆ ಮಾತ್ರ ನಮ್ಮ ಬೈಕುಲ್ಲಾ. ಊರಿನ ಶಾಲೆಯ ಮುಂದೆ ಆ ಹಿಡಿಕೆಗೆ ಜೋತುಬಿದ್ದು ನೀರು ಕುಡಿದವರು, ಆ ಹೆಸರಿನ ಗೋಡೆಯ ಪಕ್ಕದಲ್ಲಿಯೇ ಈಗ ದಿನವೂ ನಡೆದು ಹೋಗುತ್ತಿದ್ದೇವೆ! ಇರಲಿ, ವಿಷಯಕ್ಕೆ ಬರೋಣ.

ಕೊರೆದ ಬಾವಿಯಲ್ಲಿ ಬಿರುಕು ಎಲ್ಲಿದೆ, ಅದು ನೀರು ಹಾಯಗೊಡುವಂಥ ಬಿರುಕೆ, ಇಲ್ಲವೆ ಬರಿಯ ಗೆರೆಯೆ, ಎಂದು ತಿಳಿಯಲು ಶಾಸ್ತ್ರಜ್ಞರು ಕಂಡುಕೊಂಡ ಉಪಾಯ ಬಹಳ ಚೆಲುವಾದುದು. ನೀರು ನಿಂತ ಬಾವಿಯೊಳಕ್ಕೆ ಒಂದು ಕೇಬಲ್ ಇಳಿಬಿಡುತ್ತಾರೆ. ಅದರಲ್ಲಿ ಮಾಲೆಗೆ ಹೂ ಕಟ್ಟಿದಂತೆ, ಅಳತೆಯ ಅಂತರದಲ್ಲಿ, ಹೈಡ್ರೋಫೋನ್ ಎಂಬ ನೀರೊಳಗಿನ ಕಿವಿಗಳಿರುತ್ತವೆ. ಬಾವಿಯ ಸಮೀಪದಲ್ಲಿ ನೆಲದ ಮೇಲೆ ಕಬ್ಬಿಣದ ಹಲಗೆಯಿಟ್ಟು ಭಾರವಾದ ಸುತ್ತಿಗೆಯಿಂದ ಬಡಿಯುತ್ತಾರೆ. ಆಳ ಹೆಚ್ಚಿದ್ದರೆ ಸಣ್ಣದೊಂದು ಮದ್ದು ಸಿಡಿಸುವುದೂ ಉಂಟು. ಆ ಪೆಟ್ಟಿನ ಅಲೆ ಕಲ್ಲಿನೊಳಗೆ ಕೆಳಗಿಳಿಯುತ್ತದೆ. ಗಟ್ಟಿ ಕಲ್ಲಿನಲ್ಲಿ ಅದರ ವೇಗ ಸೆಕೆಂಡಿಗೆ ಸುಮಾರು ೫,೦೦೦ ಮೀಟರ್.

ಮುಂದೆ ನಡೆಯುವುದನ್ನು ತಿಳಿಯಲು ಮುಂಬಯಿಯ ಮಳೆಗಾಲವನ್ನು ನೆನೆಯಿರಿ. ಕಾಲುದಾರಿಗೆ ಹಾಸಿದ ಕಲ್ಲುಗಳಲ್ಲಿ ಒಂದು ಸಡಿಲವಾಗಿರುತ್ತದೆ, ಅದರ ಕೆಳಗೆ ನೀರು ನಿಂತಿರುತ್ತದೆ. ಇಸ್ತ್ರಿ ಮಾಡಿದ ಉಡುಪು ಹಾಕಿಕೊಂಡು ಆಫೀಸಿಗೆ ಹೊರಟವರು ಅದರ ಮೇಲೆ ಕಾಲಿಟ್ಟೊಡನೆ ಸಂದಿನಿಂದ ಕೆಸರು ನೀರು ಚಿಮ್ಮುತ್ತದೆ. ಪಕ್ಕದ ಗಟ್ಟಿ ಕಲ್ಲಿನ ಮೇಲೆ ಎಷ್ಟು ಜೋರಾಗಿ ಕಾಲೂರಿದರೂ ಏನೂ ಚಿಮ್ಮದು. ಬಂಡೆಯ ಬಿರುಕೂ ಹಾಗೆಯೇ. ಪೆಟ್ಟಿನ ಅಲೆ ಹಾದುಹೋಗುವಾಗ ನೀರು ತುಂಬಿದ ಬಿರುಕನ್ನು ಒಂದು ಕ್ಷಣ ಹಿಂಡುತ್ತದೆ. ಬಿರುಕಿನ ಬಾಯಿ ಬಾವಿಗೆ ತೆರೆದಿದ್ದರೆ, ಹಿಂಡಿದ ನೀರು ಬಾವಿಯೊಳಕ್ಕೆ ಚಿಮ್ಮುತ್ತದೆ. ಚಿಮ್ಮುವ ಪ್ರಮಾಣ ಕಣ್ಣಿಗೆ ಕಾಣದಷ್ಟು ಸಣ್ಣದು. ಆದರೂ ಆ ತಳ್ಳಿನಿಂದ ಬಾವಿಯ ನೀರಿನಲ್ಲಿ ಹೊಸದೊಂದು ಅಲೆ ಹುಟ್ಟಿ, ಬಿರುಕಿನ ಬಾಯಿಯಿಂದ ಮೇಲಕ್ಕೂ ಕೆಳಕ್ಕೂ ಕೊಳವೆಯ ಗುಂಟ ಓಡುತ್ತದೆ. ಇದಕ್ಕೆ ಕೊಳವೆಯಲೆ ಎನ್ನೋಣ. ಘನ ಮತ್ತು ದ್ರವ ಕೂಡುವ ಗಡಿಯಲ್ಲಿ ಓಡುವ ಇಂಥ ಅಲೆಗಳ ಬಗೆಗೆ ಇಂಗ್ಲೆಂಡಿನ ಸ್ಟೋನ್ಲಿ ಎಂಬ ಗಣಿತಜ್ಞ ೧೯೨೪ರಲ್ಲಿಯೇ ದಾರಿ ತೋರಿಸಿದ್ದನು; ನೀರು ತುಂಬಿದ ಕೊಳವೆಗೆ ಅದನ್ನು ವಿಸ್ತಾರವಾಗಿ ಅನ್ವಯಿಸಿ ಬರೆದವನು ಬಯೋ, ೧೯೫೨ರಲ್ಲಿ.

ಈ ಕೊಳವೆಯಲೆಯ ವೇಗ ಸೆಕೆಂಡಿಗೆ ಸುಮಾರು ೧,೪೦೦ ಮೀಟರ್ ಎನ್ನಬಹುದು. ಕಲ್ಲಿನೊಳಗಿನ ಅಲೆ ಫಾಸ್ಟ್ ಲೋಕಲ್, ಕೊಳವೆಯಲೆ ಸ್ಲೋ ಲೋಕಲ್. ಬೈಕುಲ್ಲಾದಿಂದ ಎರಡೂ ಒಂದೇ ನಿಮಿಷಕ್ಕೆ ಹೊರಟವೆನ್ನಿ. ದಾದರಿನಲ್ಲಿ ಅವುಗಳ ನಡುವೆ ಸ್ವಲ್ಪ ಅಂತರ, ಕುರ್ಲಾದಲ್ಲಿ ಇನ್ನೂ ಹೆಚ್ಚು, ಘಾಟ್ಕೋಪರಿನಲ್ಲಿ ಮತ್ತಷ್ಟು ಹೆಚ್ಚು. ಸ್ಟೇಷನ್ನುಗಳಲ್ಲಿ ಗಡಿಯಾರ ಹಿಡಿದು ನಿಂತವರ ಟಿಪ್ಪಣಿಗಳನ್ನು ಕೂಡಿಸಿದರೆ ಎರಡೂ ಜೊತೆಯಾಗಿ ಹೊರಟ ಸ್ಟೇಷನ್ ಯಾವುದೆಂದು ಹಿಂದಕ್ಕೆ ಲೆಕ್ಕ ಹಾಕಬಹುದು. ಬಿರುಕು ೬೦ ಮೀಟರ್ ಆಳದಲ್ಲಿದೆ ಎನ್ನೋಣ. ಆ ಆಳದ ಕಿವಿಗೆ ಎರಡು ಅಲೆಗಳೂ ಒಟ್ಟಿಗೆ, ೧೨ ಮಿಲಿಸೆಕೆಂಡಿನಲ್ಲಿ ಕೇಳಿಸುತ್ತವೆ. ಮಿಲಿಸೆಕೆಂಡೆಂದರೆ ಸೆಕೆಂಡಿನ ಸಾವಿರದಲ್ಲೊಂದು ಪಾಲು. ೩೦ ಮೀಟರಿನ ಕಿವಿಗೆ ಕಲ್ಲಿನ ಅಲೆ ೬ ಮಿಲಿಸೆಕೆಂಡಿಗೇ ಬಂದಿರುತ್ತದೆ, ಕೊಳವೆಯಲೆ ಬರುವುದು ೩೩ಕ್ಕೆ. ೯೦ ಮೀಟರಿನ ಕಿವಿಗೆ ಮೊದಲನೆಯದು ೧೮ಕ್ಕೆ, ಎರಡನೆಯದು ಅಲ್ಲಿಯೂ ೩೩ಕ್ಕೆ. ಆಳವನ್ನೂ ಕಾಲವನ್ನೂ ಕಾಗದದ ಮೇಲೆ ಗೆರೆಯೆಳೆದು ನೋಡಿದರೆ, ಬಿರುಕಿರುವ ಆಳದಿಂದ ಎರಡು ಗೆರೆಗಳು ಮೇಲಕ್ಕೂ ಕೆಳಕ್ಕೂ ಕವಲೊಡೆದಿರುತ್ತವೆ, ಅಡ್ಡ ಮಲಗಿಸಿದ ಕವೆಗೋಲಿನಂತೆ. ಊರಲ್ಲಿ ನೀರು ತೋರಿಸುವವರ ಕೈಯಲ್ಲಿರುವುದೂ ಕವೆಗೋಲೇ ಅಲ್ಲವೆ? ಆದರೆ ಈ ಕವೆಯನ್ನು ಯಾರು ಎಷ್ಟು ಸಲ ಎಣಿಸಿ ನೋಡಿದರೂ ಒಂದೇ ಆಳ ಬರುತ್ತದೆ.

ಬಿರುಕಿನ ಆಳ ತಿಳಿದರೆ ಸಾಲದು, ಅದರ ಯೋಗ್ಯತೆಯೂ ತಿಳಿಯಬೇಕು. ಕೊಳವೆಯಲೆ ಎಷ್ಟು ಬಲವಾಗಿದೆ ಎಂಬುದನ್ನು ಅದನ್ನು ಹುಟ್ಟಿಸಿದ ಕಲ್ಲಿನ ಅಲೆಯ ಬಲದೊಡನೆ ಹೋಲಿಸಿದರೆ, ಆ ಬಿರುಕು ನೀರನ್ನು ಎಷ್ಟು ಸುಲಭವಾಗಿ ಹಾಯಗೊಡುತ್ತದೆ ಎಂಬ ಅಂದಾಜು ಸಿಗುತ್ತದೆ. ಜೇಡಿಮಣ್ಣು ತುಂಬಿ ಮುಚ್ಚಿದ ಬಿರುಕು ಕಣ್ಣಿಗೆ ಎಷ್ಟೇ ದೊಡ್ಡದಾಗಿ ಕಂಡರೂ ಚಿಮ್ಮುವುದಿಲ್ಲ, ಆದುದರಿಂದ ಅಲೆಯನ್ನೂ ಹುಟ್ಟಿಸದು. ಬೇರೆಬೇರೆ ದಿಕ್ಕುಗಳಿಂದ ಬಡಿದು ನೋಡಿದರೆ ಬಿರುಕು ಯಾವ ಕಡೆಗೆ ವಾಲಿದೆ ಎಂಬುದೂ ತಕ್ಕಮಟ್ಟಿಗೆ ಗೊತ್ತಾಗುತ್ತದೆ. ಇಲ್ಲಿ ಒಂದು ಲೆಕ್ಕವನ್ನು ಮಾತ್ರ ಹೇಳದೆ ಬಿಡಲಾರೆ. ಬಿರುಕಿನ ಅಗಲ ಎರಡರಷ್ಟಾದರೆ ಹರಿಯುವ ನೀರು ಎರಡರಷ್ಟಲ್ಲ, ಎಂಟರಷ್ಟಾಗುತ್ತದೆ, ಮೂರರಷ್ಟಾದರೆ ಇಪ್ಪತ್ತೇಳರಷ್ಟು. ಹತ್ತು ಕೂದಲೆಳೆಯ ಬಿರುಕುಗಳಿಗಿಂತ ಬೆರಳು ತೂರುವ ಒಂದು ಬಿರುಕು ಎಷ್ಟೋ ಮೇಲು. ಒಂದೇ ಹೊಲದ ಎರಡು ಬಾವಿಗಳಲ್ಲಿ ಒಂದು ಅಕ್ಷಯಪಾತ್ರೆಯಾಗಿ ಇನ್ನೊಂದು ಬತ್ತಿಹೋಗುವುದಕ್ಕೆ ಅದೃಷ್ಟವನ್ನು ದೂರುವವರು ಈ ಲೆಕ್ಕವನ್ನು ಒಮ್ಮೆ ನೋಡಬೇಕು.

ಈ ಕ್ರಮವನ್ನು ಹೆಚ್ಚಾಗಿ ಬೆಳೆಸಿದ್ದು ೧೯೮೦ರ ದಶಕದಲ್ಲಿ, ಕೆನಡಾ ಮತ್ತು ಅಮೆರಿಕದ ಗ್ರಾನೈಟು ಸೀಮೆಗಳಲ್ಲಿ. ಕೆನಡಾದವರಿಗೆ ಅಣುಶಕ್ತಿ ಕೇಂದ್ರದ ವಿಷಯುಕ್ತ ಕಸವನ್ನು ಹೂಳಲು ಬಿರುಕಿಲ್ಲದ ಬಂಡೆ ಬೇಕಾಗಿತ್ತು. ನಾವು ಬಿರುಕು ಸಿಗಲೆಂದು ಹರಕೆ ಹೊರುತ್ತೇವೆ, ಅವರು ಸಿಗದಿರಲೆಂದು! ಅಣೆಕಟ್ಟು ಕಟ್ಟುವವರೂ ಸುರಂಗ ತೋಡುವವರೂ ಅವರ ಪಂಗಡವೇ. ಅವರಲ್ಲಿ ಇನ್ನೂ ಹಳೆಯದೊಂದು ಪರೀಕ್ಷೆಯಿದೆ. ಲ್ಯೂಜಾನ್ ಎಂಬ ಭೂಗರ್ಭಶಾಸ್ತ್ರಜ್ಞನ ಹೆಸರಿನದು, ೧೯೩೩ರಷ್ಟು ಹಿಂದಿನದು. ಕೊರೆದ ತೂತಿನ ಒಂದು ಭಾಗವನ್ನು ಬಿರಡೆ ಹಾಕಿ ಮುಚ್ಚಿ, ಒತ್ತಡದಿಂದ ನೀರು ನುಗ್ಗಿಸಿ, ಮೀಟರೊಂದಕ್ಕೆ ನಿಮಿಷಕ್ಕೆ ಎಷ್ಟು ಲೀಟರ್ ಬಂಡೆಯೊಳಗೆ ಹೋಯಿತೆಂದು ಅಳೆಯುವುದು. ಅದು ನಂಬಿಕೆಯ ಪರೀಕ್ಷೆ, ಆದರೆ ನಿಧಾನ. ಅಲೆಯ ಪರೀಕ್ಷೆ ಇಡೀ ಬಾವಿಯನ್ನು ಒಮ್ಮೆಗೇ ನೋಡಿ, ನೀರೊತ್ತಿ ಅಳೆಯಬೇಕಾದ ಜಾಗ ಯಾವುದೆಂದು ತೋರಿಸುತ್ತದೆ.

ಇನ್ನು ಸೋದರಿಯವರ ಹಣದ ಮಾತು. ಮೇಲೆ ಹೇಳಿದ್ದರಲ್ಲಿ ಒಂದು ಅಂಶವನ್ನು ಜಾಣ ಓದುಗರು ಆಗಲೇ ಹಿಡಿದಿರಬೇಕು. ಕಿವಿಯಿಳಿಸಲು ಮೊದಲು ಬಾವಿಯಿರಬೇಕು! ಎಲ್ಲಿ ಕೊರೆಯಬೇಕೆಂದು ಈ ವಿದ್ಯೆ ಹೇಳದು. ಕೊರೆದದ್ದರ ಜಾತಕವನ್ನು ಹೇಳುತ್ತದೆ. ಅದೂ ನೀರು ನಿಂತಿರುವ ಭಾಗದಲ್ಲಿ ಮಾತ್ರ, ಕೇಸಿಂಗ್ ಪೈಪು ಇಲ್ಲದ ಕಡೆಯಲ್ಲಿ ಮಾತ್ರ. ನೆಲದ ಮೇಲ್ಗಡೆಯೇ ಉರುಳಿ ಬರುವ ಅಲೆ ಬಾವಿಯ ಬಾಯಿಗೆ ಬಡಿದು ತನ್ನದೇ ಒಂದು ಕೊಳವೆಯಲೆಯನ್ನು ಹುಟ್ಟಿಸಿ ಗೊಂದಲ ಮಾಡುವುದೂ ಉಂಟು. ಇದು ದೊಡ್ಡ ಯೋಜನೆಗಳವರು ಮಾಡಿಸುವ ಕೆಲಸ; ಲಿಂಬೆಯ ತೋಟದವರ ಕೈಗೆ ಸುಲಭವಾಗಿ ಎಟುಕುವಂಥದಲ್ಲ. ರೈತರಿಗೆ ಸಾಮಾನ್ಯವಾಗಿ ಸಿಗುವುದು ನೆಲಕ್ಕೆ ಗೂಟ ನೆಟ್ಟು ವಿದ್ಯುತ್ತು ಹರಿಸಿ ತಡೆಯನ್ನು ಅಳೆಯುವ ಪರೀಕ್ಷೆ. ಅದು ಸವೆದ ಪದರ ಎಷ್ಟು ದಪ್ಪವಿದೆ, ತೇವವೆಲ್ಲಿದೆ ಎಂದು ಅಂದಾಜು ಕೊಡುತ್ತದೆ, ಖಾತರಿ ಕೊಡುವುದಿಲ್ಲ. ಅಂಗೈಯ ಮೇಲೆ ತೆಂಗಿನಕಾಯಿ ಎದ್ದು ನಿಲ್ಲುವ ವಿದ್ಯೆಯ ಬಗೆಗೆ ನನ್ನ ಅಭಿಪ್ರಾಯ ಕೇಳಿದರೆ, ಕಾಯಿಯನ್ನು ಚಟ್ನಿಗೆ ಬಳಸುವುದು ಮೇಲು ಎಂದೇ ಹೇಳುತ್ತೇನೆ. ಹಿರಿಯರು ಮನ್ನಿಸಬೇಕು.

ಆದರೆ ವಿದ್ಯೆಯ ಹಿಂದಿರುವ ವಿವೇಕ ಎಟುಕದ್ದಲ್ಲ. ನಾಲ್ಕನೆಯದನ್ನು ಕೊರೆಯುವ ಮುಂಚೆ ಮೂರನೆಯದನ್ನು ವಿಚಾರಿಸಬೇಕು. ಅದರಲ್ಲಿ ನೀರು ಬಂದಿತ್ತಷ್ಟೆ? ಎಷ್ಟನೆಯ ಅಡಿಯಲ್ಲಿ ಧೂಳು ಹಸಿಯಾಯಿತು, ಎಷ್ಟನೆಯ ಅಡಿಯಲ್ಲಿ ನೀರು ಎದ್ದಿತು, ಎಷ್ಟು ಅಡಿ ಕೇಸಿಂಗ್ ಇಳಿಸಿದರು, ಕೆಮ್ಮಣ್ಣಿನ ಪದರ ಎಲ್ಲಿ ಸಿಕ್ಕಿತು — ಇದನ್ನೆಲ್ಲ ಯಾರಾದರೂ ಬರೆದಿಟ್ಟಿದ್ದಾರೆಯೆ? ನಮ್ಮ ಗುಮಾಸ್ತರ ಜಾತಿಗೆ ಬರೆದಿಡುವ ಚಟವಿದೆ ಎಂದು ಜನ ನಗುತ್ತಾರೆ. ಆದರೆ ಲಕ್ಷಗಟ್ಟಲೆ ಹಣ ನೆಲಕ್ಕೆ ಇಳಿಯುವಾಗ ಒಂದು ನೋಟುಪುಸ್ತಕವೂ ಇಲ್ಲದಿರುವುದು ನಗುವ ಸಂಗತಿಯಲ್ಲ. ಬಾವಿಯೊಳಕ್ಕೆ ಕ್ಯಾಮೆರಾ ಇಳಿಸಿ ತೋರಿಸುವವರು ಈಗ ಅನೇಕ ಕಡೆ ಇದ್ದಾರೆ. ಬಿರುಕು ಹೂಳಿನಿಂದ ಮುಚ್ಚಿದೆಯೆ, ಇಲ್ಲವೆ ಸುತ್ತಣ ಸೀಮೆಯ ನೀರಿನ ಮಟ್ಟವೇ ಕೆಳಗೆ ಹೋಗಿದೆಯೆ ಎಂಬುದನ್ನು ಅದರಿಂದ ಊಹಿಸಬಹುದು. ಮುಚ್ಚಿದ್ದರೆ ಶುಚಿಮಾಡಿಸಬಹುದು, ಬಿರಡೆ ಹಾಕಿ ನೀರಿನ ಒತ್ತಡ ಕೊಟ್ಟು ಬಿರುಕನ್ನು ತೆರೆಸುವ ಕ್ರಮವೂ ಇದೆ. ಅದು ಫಲಿಸಿಯೇ ತೀರುತ್ತದೆಂದು ಹೇಳಲಾಗದಿದ್ದರೂ ಹೊಸ ಬಾವಿಯಷ್ಟು ಹಣ ಕೇಳದು. ನೀರಿನ ಮಟ್ಟವೇ ಇಳಿದಿದ್ದರೆ ಅದೇ ಹೊಲದಲ್ಲಿ ನಾಲ್ಕನೆಯದು ಮೂರನೆಯದರ ಪಾಲನ್ನೇ ಕುಡಿಯುತ್ತದೆ. ಆಗ ಮಳೆನೀರನ್ನು ಸೋಸಿ ಹಳೆಯ ಬಾವಿಗೆ ಇಳಿಸುವುದೇ ದಾರಿ. ಹೋದ ನೀರು ಯಾವ ಬಿರುಕಿನಿಂದ ಹೋಯಿತೋ ಅದೇ ಬಿರುಕು ಅದನ್ನು ಒಳಕ್ಕೂ ಕೊಂಡೊಯ್ಯುತ್ತದೆ. ಕರ್ನಾಟಕದಲ್ಲಿ ಅಂತರ್ಜಲದ ಬಗೆಗೆ ೨೦೧೧ರ ಕಾಯಿದೆಯೊಂದಿದೆ, ಗುರುತಿಸಿದ ತಾಲೂಕುಗಳಲ್ಲಿ ಕೊರೆಯುವ ಮೊದಲು ಅನುಮತಿ ಬೇಕು. ಜಿಲ್ಲೆಯ ಅಂತರ್ಜಲ ಕಛೇರಿಯ ಭೂವಿಜ್ಞಾನಿಯನ್ನು ಕಾಣಲು ತಮ್ಮನಿಗೆ ಹೇಳಿರಿ. ಅಲ್ಲಿಯವರೆಗೆ ಮಗಳ ಫೀಯ ಹಣ ಬ್ಯಾಂಕಿನಲ್ಲಿಯೇ ಇರಲಿ. ಇದು ನನ್ನ ಅಭಿಪ್ರಾಯ. ಅಕ್ಕ-ತಮ್ಮಂದಿರ ನಡುವೆ ಬರಲು ನಾನಾರು? ಬತ್ತಿದ ಎರಡು ಬಾವಿಗಳ ಬಾಯಿಗೆ ಗಟ್ಟಿ ಮುಚ್ಚಳ ಹಾಕಿಸಲು ಮಾತ್ರ ಇಂದೇ ಫೋನು ಮಾಡಬೇಕು. ಮಕ್ಕಳು ಬಿದ್ದ ಸುದ್ದಿಗಳನ್ನು ಓದಿ ಸಾಕಾಗಿದೆ.

ಬಿರುಕಿನೊಳಗಿನ ನೀರಿನ ಮಾತು ಬಂದಾಗ ಕೊಯ್ನಾದ ಹೆಸರೆತ್ತದೆ ಮುಗಿಸಲಾಗದು. ೧೯೬೭ರ ಡಿಸೆಂಬರ್ ೧೧ರ ಬೆಳಗಿನ ಜಾವ ನಾಲ್ಕು ಗಂಟೆ ಕಳೆದ ಮೇಲೆ ಸಾತಾರಾ ಜಿಲ್ಲೆಯ ಕೊಯ್ನಾನಗರದಲ್ಲಿ ಭೂಮಿ ನಡುಗಿತು. ಅದರ ಪ್ರಮಾಣ ೬.೩. ಸುಮಾರು ಇನ್ನೂರು ಜನ ಸತ್ತರು. ಮುಂಬಯಿಯಲ್ಲಿಯೂ ನಡುಕ ತಿಳಿಯಿತು. ಆಗ ಇಲ್ಲಿದ್ದ ಹಿರಿಯರನ್ನು ಕೇಳಿದರೆ ನಿದ್ದೆಯಿಂದೆದ್ದು ಓಡಿಬಂದದ್ದನ್ನು ಈಗಲೂ ಹೇಳುವವರಿದ್ದಾರೆ. ೧೦೩ ಮೀಟರ್ ಎತ್ತರದ ಅಣೆಕಟ್ಟಿಗೆ ಬಿರುಕುಗಳಾದರೂ ಅದು ನಿಂತಿತು. ಅಲ್ಲಿ ಜಲಾಶಯ ತುಂಬತೊಡಗಿದ್ದು ಅರವತ್ತರ ದಶಕದ ಮೊದಲಲ್ಲಿ; ಅದರ ಬೆನ್ನಿಗೇ ಸಣ್ಣ ನಡುಕಗಳು ಹೆಚ್ಚಿದ್ದವು. ಜಲಾಶಯದ ನೀರು ಬಂಡೆಯ ಬಿರುಕುಗಳ ಮೂಲಕ ಆಳಕ್ಕೆ ಒತ್ತಡವನ್ನು ಸಾಗಿಸಿ, ಮೊದಲೇ ಬಿಗಿದುಕೊಂಡಿದ್ದ ಸ್ತರಭಂಗವನ್ನು ಸಡಿಲಿಸಿತು ಎಂಬುದು ಶಾಸ್ತ್ರಜ್ಞರ ತೀರ್ಮಾನ. ನೀರು ಭೂಕಂಪವನ್ನು ತಯಾರಿಸಲಿಲ್ಲ, ಚಿಲಕವನ್ನು ತೆಗೆಯಿತು ಅಷ್ಟೆ. ಅಂದಿನಿಂದ ಆ ಪುಟ್ಟ ಪ್ರದೇಶದಲ್ಲಿ ೫ ಪ್ರಮಾಣವನ್ನು ಮುಟ್ಟಿದ ಅಥವಾ ಮೀರಿದ ಕಂಪನಗಳೇ ಇಪ್ಪತ್ತಕ್ಕೂ ಹೆಚ್ಚು ಆಗಿವೆ. ೧೯೮೫ರಲ್ಲಿ ತೆಂಕಣ ವಾರ್ಣಾ ಜಲಾಶಯ ತುಂಬತೊಡಗಿದ ಮೇಲೆ ನಡುಕಗಳೂ ತೆಂಕಣಕ್ಕೆ ಹಬ್ಬಿದವು. ಜಲಾಶಯದ ಮಟ್ಟ ಏರಿಳಿದ ಮೇಲೆ ಎಷ್ಟು ದಿನ ಬಿಟ್ಟು ನಡುಕ ಹೆಚ್ಚುತ್ತದೆ ಎಂಬುದು ಕೆಳಗಿನ ಬಂಡೆ ನೀರಿನ ಒತ್ತಡವನ್ನು ಎಷ್ಟು ಬೇಗ ಹಾಯಗೊಡುತ್ತದೆ ಎಂಬುದಕ್ಕೆ ಒಂದು ಗುರುತು. ನಮ್ಮ ಲಿಂಬೆಯ ತೋಟದ ಪ್ರಶ್ನೆಯೇ ಇಲ್ಲಿ ಕೋಟಿ ಪಾಲು ದೊಡ್ಡದಾಗಿ ನಿಂತಿದೆ.

ಈ ಪ್ರಶ್ನೆಗೆ ಉತ್ತರ ಹುಡುಕಲು ಕೇಂದ್ರ ಸರಕಾರದ ಭೂವಿಜ್ಞಾನ ಸಚಿವಾಲಯದವರು ಆ ಸೀಮೆಯಲ್ಲಿ ಸುಮಾರು ಒಂದೂವರೆ ಕಿಲೋಮೀಟರ್ ಆಳದ ಹಲವು ರಂಧ್ರಗಳನ್ನು ಕೊರೆಸಿದರು. ಬಳಿಕ ಗೋಠಣೆ ಎಂಬಲ್ಲಿ ೨೦೧೬ರ ಡಿಸೆಂಬರಿನಲ್ಲಿ ಆರಂಭಿಸಿ ೨೦೧೭ರ ನಡುವಿನ ಹೊತ್ತಿಗೆ ಮೂರು ಕಿಲೋಮೀಟರ್ ಆಳದ ರಂಧ್ರವನ್ನು ಮುಗಿಸಿದರು. ಸುಮಾರು ೧,೨೫೦ ಮೀಟರಿನವರೆಗೆ ಲಾವಾದ ಕಪ್ಪು ಕಲ್ಲು. ಅದರ ಕೆಳಗೆ, ನಡುವೆ ಬೇರೆ ಪದರವೇನೂ ಇಲ್ಲದೆ, ನೇರವಾಗಿ ಗ್ರಾನೈಟು ಮತ್ತು ನೈಸ್. ಇಂಡಿಯ ಕಲ್ಲಿನ ಕೆಳಗೆ ಕೋಲಾರದ ಕಲ್ಲಿನ ಬಳಗ ಎಂದರೆ ಸರಿಯಾದೀತು. ರಂಧ್ರದೊಳಗೆ ಶಬ್ದದ ಅಲೆಗಳನ್ನು ಬಿಟ್ಟು ಗೋಡೆಯ ಬಿರುಕುಗಳನ್ನೂ, ಬಂಡೆಯನ್ನು ಯಾವ ದಿಕ್ಕಿನಿಂದ ಒತ್ತಲಾಗುತ್ತಿದೆ ಎಂಬುದನ್ನೂ ಅಳೆದಿದ್ದಾರೆ. ಒಂದೂವರೆ ಕಿಲೋಮೀಟರಿನ ರಂಧ್ರಗಳಲ್ಲಿ ಕೆಲವಕ್ಕೆ ಭೂಕಂಪಮಾಪಕಗಳನ್ನು ಇಳಿಸಿದ್ದಾರೆ. ನೆಲದ ಮೇಲಿಟ್ಟ ಮಾಪಕಕ್ಕೆ ಲಾರಿ, ಗಾಳಿ, ಮಳೆ ಎಲ್ಲವೂ ಕೇಳಿಸುತ್ತವೆ. ಬೈಕುಲ್ಲಾದ ಸೇತುವೆಯ ಮೇಲೆ ನಿಂತು ಪಿಸುಮಾತು ಕೇಳಿದಂತೆ. ಆಳದಲ್ಲಿ ಆ ಗದ್ದಲವಿಲ್ಲ. ಮೇಲೆ ತಿಳಿಯದ ಸಣ್ಣ ಸಣ್ಣ ನಡುಕಗಳೂ ಅಲ್ಲಿ ದಾಖಲೆಯಾಗುತ್ತವೆ.

ಕೊಯ್ನಾ ಹೊಳೆ ಕರಾಡದಲ್ಲಿ ಕೃಷ್ಣೆಯನ್ನು ಕೂಡುತ್ತದೆ, ಕೃಷ್ಣೆ ಮುಂದೆ ನಮ್ಮ ಆಲಮಟ್ಟಿಗೆ ಬರುತ್ತಾಳೆ. ಈ ಕೆಲಸಕ್ಕೆಂದೇ ಸ್ಥಾಪಿಸಿದ ಭೂರಂಧ್ರ ಸಂಶೋಧನಾಲಯವೂ ಕರಾಡದ ಬಳಿಯಲ್ಲಿಯೇ, ಹಜಾರಮಾಚಿಯಲ್ಲಿದೆ. ಬೆಳಗಾವಿ, ಹುಬ್ಬಳ್ಳಿಗೆ ರಾತ್ರಿಯ ಬಸ್ಸಿನಲ್ಲಿ ಹೋಗುವ ನಮ್ಮ ಮಂದಿ ಅದರ ಹತ್ತಿರವೇ ಹಾದುಹೋಗುತ್ತಾರೆ, ಬಹುಮಟ್ಟಿಗೆ ನಿದ್ದೆಯಲ್ಲಿ.